ಗೇಟಿನ ಬಣ್ಣದ ಗೂಳಿ

"ಮತ್ತೆ, ನನ್ನ ಸ್ಕೂಟರ್ ಹೇಗಿದೆಯಂತೆ?" ಹಿಂದಿನ ಸೀಟಿನಿಂದ ತಾತ ಕೇಳಿದ.

ಕಾರಿನೊಳಗೆ ಎಲ್ಲರಿಗೂ ತಟ್ಟನೆ ಏನೋ ಕೆಲಸ ಬಂತು. ಅಪ್ಪ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಮುಂದಿನ ಸೀಟಿನಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ಅಮ್ಮ, ಅರ್ಧ ಸುಲಿದ ಹಣ್ಣನ್ನು ಕೈಯಲ್ಲಿಟ್ಟುಕೊಂಡೇ ನಿದ್ದೆಗೆ ಜಾರಿದಳು. ತಾತನ ಪಕ್ಕದಲ್ಲಿದ್ದ ಮೊಮ್ಮಗಳು ಒಂದು ಇಡೀ ಬಿಸ್ಕತ್ತನ್ನು ಬಾಯಿಗೆ ತುರುಕಿಕೊಂಡಳು. ಬಿಸ್ಕತ್ತು ಹಸಿವಿಗಲ್ಲ, ಬಾಯಿಗೆ ಬೀಗ ಹಾಕಲು.

"ಚೆನ್ನಾಗಿದೆಯಂತೆ ಅಪ್ಪಾ," ಅಂದ ಅಪ್ಪ. "ಮೊನ್ನೆ ತಾನೆ ಮೆಕ್ಯಾನಿಕ್ ಸಿಕ್ಕಿದ್ದ. ಅವನ ಮಗಳು ದಿನಾ ಅದರಲ್ಲೇ ಕಾಲೇಜಿಗೆ ಹೋಗ್ತಾಳಂತೆ. ಈಗ ಫೈನಲ್ ಇಯರ್."

ಹೋದ ತಿಂಗಳು ಅದೇ ಹುಡುಗಿ ಫಸ್ಟ್ ಇಯರ್‌ನಲ್ಲಿದ್ದಳು. ಮೊಮ್ಮಗಳ ಬಾಯಲ್ಲಿ ಬಿಸ್ಕತ್ತು ಒದ್ದಾಡಿತು.

"ತುಂಬಾ ಜಾಣೆ ಇರಬೇಕು," ಅಂದ ತಾತ, ಕಿಟಕಿಯ ಹೊರಗೆ ನೋಡುತ್ತಾ.

ಈ ಮೊಮ್ಮಗಳಿಗೆ ಶಾಲೆಯಲ್ಲಿ ಕರೆಕ್ಷನ್ ಅಂತ ಹೆಸರು. ಯಾರಾದರೂ ತಪ್ಪು ಹೇಳಿದರೆ ಅದನ್ನು ತಿದ್ದುವ ತನಕ ಅವಳಿಗೆ ಊಟ ಸೇರುವುದಿಲ್ಲ. ಟೀಚರ್ ಬೋರ್ಡಿನ ಮೇಲೆ ನಿನ್ನೆಯ ತಾರೀಕು ಬರೆದರೆ ಮೊದಲು ಎದ್ದು ನಿಲ್ಲುವವಳು ಇವಳೇ. ಒಮ್ಮೆ ಹೆಡ್‌ಮಾಸ್ಟರು ಭಾಷಣದಲ್ಲಿ ಒಂಬತ್ತು ಗ್ರಹಗಳು ಅಂದಾಗ ಮೂರನೆಯ ಸಾಲಿನಿಂದ "ಎಂಟು ಸರ್" ಎಂಬ ದನಿ ಕೇಳಿಸಿತ್ತು. ಅಂದಿನಿಂದ ಅವಳನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅಲ್ಲಿಂದಲೂ ಅವಳ ದನಿ ಚೆನ್ನಾಗಿಯೇ ಕೇಳಿಸುತ್ತದೆ, ಪಾಪ ಹೆಡ್‌ಮಾಸ್ಟರಿಗೆ ಅದು ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹೊರಟಾಗಲೂ ಒಂದು ತಿದ್ದುಪಡಿ ಆಗಿತ್ತು. ರಜೆಗೆಂದು ಎಲ್ಲರೂ ಸೋದರತ್ತೆಯ ಮನೆಗೆ ಹೊರಟಿದ್ದರು. ಹೈವೇ ಬಿಟ್ಟು ಹೊಲಗಳ ನಡುವಿನ ಸಣ್ಣ ರಸ್ತೆಗೆ ಕಾರು ತಿರುಗಿಸಿದ ಅಪ್ಪ, ಇದು ಶಾರ್ಟ್‌ಕಟ್ ಎಂದು ಹೆಮ್ಮೆಯಿಂದ ಹೇಳಿದ. ಕರೆಕ್ಷನ್ ಅಮ್ಮನ ಮೊಬೈಲು ತೆಗೆದುಕೊಂಡು ಮ್ಯಾಪ್ ನೋಡಿದಳು.

"ಇದು ಶಾರ್ಟ್‌ಕಟ್ ಅಲ್ಲ ಅಪ್ಪ, ಸುತ್ತುದಾರಿ. ಹೈವೇಗಿಂತ ಹದಿನೆಂಟು ಕಿಲೋಮೀಟರ್ ಜಾಸ್ತಿ."

"ಗಾಳಿ ಚೆನ್ನಾಗಿರುತ್ತೆ," ಅಂದ ಅಪ್ಪ. ಸೋತಾಗಲೆಲ್ಲ ಅಪ್ಪ ವಿಷಯ ಬದಲಾಯಿಸುತ್ತಾನೆ.

ಪ್ರಪಂಚದಲ್ಲಿ ಕರೆಕ್ಷನ್ ತಿದ್ದಬಾರದ ಸಂಗತಿ ಒಂದೇ ಒಂದಿತ್ತು. ಅದು ತಾತನ ಸ್ಕೂಟರು.

ಆ ಸ್ಕೂಟರನ್ನು ಒಮ್ಮೆ ನೋಡಿದವರು ಮರೆಯಲು ಸಾಧ್ಯವಿರಲಿಲ್ಲ. ಮರೆಯಲು ಪ್ರಯತ್ನಪಟ್ಟವರಿಗೂ ಆಗಿರಲಿಲ್ಲ. ಮನೆಯ ಗೇಟಿಗೆ ಬಳಿದು ಉಳಿದ ಬಣ್ಣವನ್ನು ತಾತ ಅದಕ್ಕೂ ಬಳಿದಿದ್ದ. ಎರಡು ಡಬ್ಬಿ ಬಣ್ಣ ಕಲಸಿ ತಾತನೇ ಮಾಡಿದ ಬಣ್ಣ ಅದು, ಅತ್ತ ಹಸಿರೂ ಅಲ್ಲ, ಇತ್ತ ನೀಲಿಯೂ ಅಲ್ಲ. ಅಂಥ ಬಣ್ಣವನ್ನು ಯಾವ ಕಂಪನಿಯೂ ಮಾಡಿಲ್ಲ, ಮಾಡುವ ಧೈರ್ಯವೂ ಯಾರಿಗೂ ಇಲ್ಲ.

ಮುಂದೆ ತಾತನ ಕಣ್ಣಿಗೆ ಪೊರೆ ಬಂತು. ಒಂದು ಸಂಜೆ ತಾತ ಸ್ಕೂಟರನ್ನು ನೇರವಾಗಿ ಪಕ್ಕದ ಮನೆಯ ಕಾಂಪೌಂಡ್ ಗೋಡೆಗೆ ಓಡಿಸಿದ. ಗೋಡೆ ಸ್ವಲ್ಪ ಮುಂದೆ ಬಂದಿತ್ತು ಎಂದು ಇವತ್ತಿಗೂ ಹೇಳುತ್ತಾನೆ. ಸ್ಕೂಟರಿನ ಮುಂದಿನ ತಗಡಿನಲ್ಲಿ ಒಂದು ಬಟ್ಟಲಿನಷ್ಟು ನೆಗ್ಗು ಬಿತ್ತು. ಆ ರಾತ್ರಿ ತಾತ ಕೀಲಿಕೈಯನ್ನು ಅಪ್ಪನ ಕೈಗಿಟ್ಟು, ಗುಜರಿಗೆ ಮಾತ್ರ ಹಾಕಬೇಡ, ಓಡಿಸುವವರಿಗೆ ಕೊಡು ಅಂದ. ಅಪ್ಪ ಮಾತು ಕೊಟ್ಟ.

ಅಪ್ಪ ನಿಜವಾಗಿಯೂ ಪ್ರಯತ್ನಪಟ್ಟಿದ್ದ. ಯಾರೂ ಬೇಡ ಅಂದಾಗ ಸ್ಕೂಟರನ್ನು ಪರಿಚಯದ ಮೆಕ್ಯಾನಿಕ್ ಅಂಗಡಿಯಲ್ಲಿ ಬಿಟ್ಟು, ಯಾರಾದರೂ ಕೇಳಿದರೆ ಕೊಡು ಅಂದು ಬಂದಿದ್ದ. ಕೆಲವು ತಿಂಗಳಾದ ಮೇಲೆ ಕರೆಕ್ಷನ್ ಜೊತೆ ಹೋಗಿ ನೋಡಿದರೆ ಅಂಗಡಿಯೇ ಖಾಲಿ. ಮೆಕ್ಯಾನಿಕ್ ಬೇರೆ ಕಡೆ ಹೋಗುವಾಗ ಅಂಗಳದಲ್ಲಿದ್ದುದನ್ನೆಲ್ಲ ಗುಜರಿ ಲಾರಿಗೆ ತುಂಬಿಸಿ ಕಳಿಸಿದ್ದನಂತೆ.

ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರು. ಬಾಗಿಲಲ್ಲೇ ತಾತ ಕೂತಿದ್ದ. ಸ್ಕೂಟರ್ ಹೇಗಿದೆ ಎಂದು ಕೇಳಿದ. ಇದ್ದದ್ದನ್ನು ಹೇಳಲೆಂದು ಬಾಯಿ ತೆರೆದ ಅಪ್ಪನಿಂದ "ಚೆನ್ನಾಗಿದೆ" ಎಂಬ ಮಾತು ಜಾರಿಬಿತ್ತು. ಅಪ್ಪನಿಗೇ ಆಶ್ಚರ್ಯವಾಯಿತು.

ಅಪ್ಪನಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಯಾರ ಕಾರು ಎಲ್ಲಿ ಗುದ್ದಿತು, ಗುದ್ದಿದ್ದು ನಿಜವೋ ಅಥವಾ ಕತೆಯೋ ಎಂದು ಹೋಗಿ ನೋಡಿ, ಸುಳ್ಳು ಹೇಳಿದವರನ್ನು ಹಿಡಿಯುವ ಕೆಲಸ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಏನೆಂದು ಶಾಲೆಯಲ್ಲಿ ಕೇಳಿದಾಗ ಕರೆಕ್ಷನ್‌ಗೆ ಉದಾಹರಣೆ ಹುಡುಕುವ ಕಷ್ಟವೇ ಆಗಲಿಲ್ಲ. ಆದರೆ ಹೇಳಲಿಲ್ಲ. ಅಪ್ಪ ಅವಳನ್ನು ಕರೆದು ಹೇಳಿದ್ದ: "ಸುಳ್ಳು ಹೇಳು ಅಂತಿಲ್ಲ ನಾನು. ಸುಮ್ಮನಿರು, ಅಷ್ಟೆ."

ಅವಳಿಗೆ ಅದಕ್ಕಿಂತ ಸುಳ್ಳು ಹೇಳುವುದೇ ಸುಲಭವಾಗುತ್ತಿತ್ತು.

ಒಂದು ಸುಳ್ಳು ಸಾಕಲು ಹತ್ತು ಸುಳ್ಳು ಬೇಕು. ಯಾರು ಓಡಿಸುತ್ತಾರೆ ಎಂದು ತಾತ ಕೇಳಿದಾಗ ಮೆಕ್ಯಾನಿಕ್‌ಗೆ ಒಬ್ಬಳು ಮಗಳು ಹುಟ್ಟಿದಳು. ಎಲ್ಲಿಗೆ ಹೋಗುತ್ತಾಳೆ ಅಂದಾಗ ಒಂದು ಕಾಲೇಜು ಎದ್ದು ನಿಂತಿತು. ಕನ್ನಡಿ ಒಡೆದಿದೆಯಂತೆ ಎಂದು ಅಪ್ಪ ಯಾವ ಗಳಿಗೆಯಲ್ಲಿ ಹೇಳಿದನೋ, ಮಾರನೆಯ ದಿನ ತಾತ ಅಂಗಡಿಗೆ ಹೋಗಿ ಹೊಸ ಕನ್ನಡಿ ತಂದು, ಅದನ್ನು ಮೆಕ್ಯಾನಿಕ್‌ಗೆ ತಲುಪಿಸು ಅಂದ. ಅದಾದ ಮೇಲೆ ಸೀಟಿಗೆ ಕವರು ಬಂತು. ಎಣ್ಣೆಯ ಡಬ್ಬಿ ಬಂತು. ಹುಡುಗಿ ಪರೀಕ್ಷೆಯಲ್ಲಿ ಪಾಸಾದಳೆಂದು ಒಂದು ಒಳ್ಳೆಯ ಪೆನ್ನು ಕೂಡ ಬಂತು. ಹುಟ್ಟದೇ ಇದ್ದವಳಿಗೆ ಇಷ್ಟು ಉಡುಗೊರೆ ಬೇರೆ ಯಾರೂ ಕೊಟ್ಟಿರಲಾರರು. ಎಲ್ಲವನ್ನೂ ಅಪ್ಪ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಓಡಾಡುತ್ತಿದ್ದ.

ಇಷ್ಟೂ ಸಾಲದು ಎಂಬಂತೆ, ಹೋದ ತಿಂಗಳು ತಾತನ ಕಣ್ಣಿನ ಆಪರೇಷನ್ ಆಯಿತು. ಈಗ ತಾತನಿಗೆ ದೂರದ್ದೂ ಕಾಣುತ್ತದೆ, ಹತ್ತಿರದ್ದೂ ಕಾಣುತ್ತದೆ.

"ರಜೆ ಮುಗಿಸಿ ಹೋದ ತಕ್ಷಣ ನನ್ನ ಆ ಮೆಕ್ಯಾನಿಕ್ ಹತ್ರ ಕರ್ಕೊಂಡು ಹೋಗು," ಅಂದ ತಾತ, ಈಗ ಕಾರಿನಲ್ಲಿ. "ವಾಪಸ್ ಕೊಡು ಅಂತ ಕೇಳಲ್ಲ. ಒಂದೇ ಒಂದು ರೌಂಡ್ ಹೊಡೆದು ಕೊಟ್ಟುಬಿಡ್ತೀನಿ."

ಅಪ್ಪ "ಹೋಗೋಣ, ಹೋಗೋಣ" ಅಂದ. ಅವನ ಕಿವಿ ಕೆಂಪಾಗಿದ್ದು ಹಿಂದಿನಿಂದ ಕರೆಕ್ಷನ್‌ಗೆ ಕಾಣಿಸಿತು. ರಜೆ ಇದ್ದದ್ದು ಒಂದು ವಾರ. ಅದು ಮುಗಿದ ದಿನ ತಾತನಿಗೆ ಎಲ್ಲವೂ ಗೊತ್ತಾಗುತ್ತದೆ. ಕರೆಕ್ಷನ್ ಇನ್ನೊಂದು ಬಿಸ್ಕತ್ತಿಗೆ ಕೈ ಹಾಕಿದಳು.

"ಅಲ್ಲಿ ನೋಡು, ಕೊಕ್ಕರೆ," ಅಂದ ತಾತ. "ಎಷ್ಟು ಹೊತ್ತಾದ್ರೂ ಅಲ್ಲಾಡ್ತಾನೇ ಇಲ್ಲ."

"ಅದು ಕಬ್ಬಿಣದ್ದು ತಾತ."

ನಿಜವಾಗಿಯೂ ಕಬ್ಬಿಣದ್ದೇ. ಹೊಲದ ಬದಿಯಲ್ಲಿ ಒಂಟಿಕಾಲಿನಲ್ಲಿ ನಿಂತಿದ್ದ ಕೊಕ್ಕರೆಗೆ ಕಾಲಾಗಿ ನೀರಿನ ಪೈಪು, ಮೈಯಾಗಿ ಯಾವುದೋ ಬೈಕಿನ ಪೆಟ್ರೋಲ್ ಟ್ಯಾಂಕು, ಕೊಕ್ಕಾಗಿ ಕತ್ತರಿ. ಸ್ವಲ್ಪ ಮುಂದೆ ನೇಗಿಲಿನ ಗುಳಗಳನ್ನು ಹಲ್ಲು ಮಾಡಿಕೊಂಡ ಡೈನೋಸಾರ್ ಬಂತು. ಸ್ಪ್ರಿಂಗಿನ ಕುತ್ತಿಗೆಯ ಒಂದು ಉಷ್ಟ್ರಪಕ್ಷಿ ಗಾಳಿಗೆ ಹೂಂ ಹೂಂ ಎಂದು ತಲೆಯಾಡಿಸುತ್ತಿತ್ತು. ಡ್ರಮ್ಮಿನ ಮೇಲೆ ಕೂತ ಒಬ್ಬ ಕಬ್ಬಿಣದ ಮನುಷ್ಯ ತಗಡಿನ ಪೇಪರು ಓದುತ್ತಿದ್ದ. ಅವನ ಎರಡು ಕಿವಿಗಳೂ ನಲ್ಲಿಗಳು.

ಅಮ್ಮ ಕಣ್ಣು ಬಿಟ್ಟು ನೋಡಿ, ಇವನೊಬ್ಬನಾದರೂ ಭಾನುವಾರ ಸುಮ್ಮನೆ ಕೂತು ಪೇಪರು ಓದುತ್ತಾನೆ, ಶಾರ್ಟ್‌ಕಟ್ ಹುಡುಕುವುದಿಲ್ಲ ಅಂದಳು. ಅಪ್ಪ ಏನೋ ಉತ್ತರ ಹೇಳಲು ಹೊರಟ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಕಾರು ಕೆಮ್ಮಿ, ನಡುಗಿ, ಒಂದು ತಗಡಿನ ಶೆಡ್ಡಿನ ಎದುರು ನಿಂತೇಬಿಟ್ಟಿತು.

"ಗಾಳಿ ಚೆನ್ನಾಗಿದೆ," ಅಂದಳು ಅಮ್ಮ. ಮತ್ತೆ ಕಣ್ಣು ಮುಚ್ಚಿಕೊಂಡಳು.

ಅದು ವೆಲ್ಡಿಂಗ್ ಶೆಡ್ಡು. ಶೆಡ್ಡಿನ ಸುತ್ತ ಇನ್ನಷ್ಟು ಕಬ್ಬಿಣದ ಪ್ರಾಣಿಗಳು. ಒಂದು ಜಿರಾಫೆಯಂತೂ ಶೆಡ್ಡಿಗಿಂತ ಎತ್ತರವಿತ್ತು. ಕರೆಕ್ಷನ್ ಅದರ ಕಾಲುಗಳ ನಡುವೆ ನೋಡಿದಳು. ಆಚೆಗೆ, ಶೆಡ್ಡಿನ ಮೂಲೆಯ ಹಿಂದೆ, ಒಂದು ಬಣ್ಣ ಕಾಣಿಸಿತು. ಅತ್ತ ಹಸಿರೂ ಅಲ್ಲ, ಇತ್ತ ನೀಲಿಯೂ ಅಲ್ಲ.

ಇಷ್ಟು ಉದ್ದದ ರಸ್ತೆಯಲ್ಲಿ ಈ ಕಾರಿಗೆ ಕೆಡಲು ಬೇರೆ ಜಾಗವೇ ಸಿಗಲಿಲ್ಲವೇ?

ಬಾನೆಟ್ ಎತ್ತಿ ಅದರ ಹಿಂದೆ ಹಬೆಯಲ್ಲಿ ಮುಳುಗಿದ್ದ ಅಪ್ಪನಿಗೆ ಏನೂ ಕಾಣಿಸಲಿಲ್ಲ. ಶೆಡ್ಡಿನ ಒಳಗೆ ಕಪ್ಪು ಗಾಜಿನ ಶೀಲ್ಡ್ ಹಿಡಿದು ಬೆಸುಗೆ ಹಾಕುತ್ತಿದ್ದ ಹೆಂಗಸೊಬ್ಬಳು ಹೊರಗೆ ಬಂದಳು. ಅಪ್ಪನಷ್ಟೇ ವಯಸ್ಸು, ಅಪ್ಪನ ಎರಡರಷ್ಟು ತೋಳು. ಸ್ವಲ್ಪ ನೀರು ಸಿಗಬಹುದಾ ಮೇಡಂ ಎಂದು ಅಪ್ಪ ಕೇಳಿದ.

"ನನ್ನ ಮೋಟಾರ್ ಕೆಟ್ಟಿದೆ," ಅಂದಳು ಅವಳು. "ಸುತ್ತಮುತ್ತಲಿನೋರ ಮೋಟಾರೆಲ್ಲ ನಾನೇ ರಿಪೇರಿ ಮಾಡೋದು. ನಂದು ಮಾಡೋಕೆ ನಂಗೇ ಟೈಮಿಲ್ಲ. ಬಂದ ದಾರೀಲೇ ವಾಪಸ್ ಹೋಗಿ, ತಿರುವಿನ ಹತ್ರ ನೀರಿನ ತೊಟ್ಟಿ ಇದೆ."

ಅಪ್ಪ ಡಿಕ್ಕಿಯ ಬಾಗಿಲನ್ನು ಒಂದು ಗೇಣಷ್ಟೇ ತೆರೆದು, ಕಳ್ಳನ ಹಾಗೆ ಕೈ ತೂರಿಸಿ, ಖಾಲಿ ಕ್ಯಾನನ್ನು ಎಳೆದುಕೊಂಡ. ದಡಾರನೆ ಡಿಕ್ಕಿ ಮುಚ್ಚಿ ತೊಟ್ಟಿಯ ಕಡೆ ಹೊರಟ. ಡಿಕ್ಕಿ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಅವನು ಅತ್ತ ಹೋಗುತ್ತಿದ್ದಂತೆ ಅದು ಇತ್ತ ನಿಧಾನವಾಗಿ ಮೇಲೆದ್ದಿತು.

ತಾತ ಆಗಲೇ ಕಾರಿನಿಂದ ಇಳಿದು, ಕೈ ಹಿಂದೆ ಕಟ್ಟಿಕೊಂಡು, ಪ್ರಾಣಿಗಳನ್ನು ನೋಡುತ್ತಾ ನಡೆಯುತ್ತಿದ್ದ. ಕರೆಕ್ಷನ್ ಓಡಿಹೋಗಿ ಕೈ ಹಿಡಿದಳು.

"ತಾತ, ಇಲ್ಲಿ ಜಿರಾಫೆ ನೋಡು."

"ನೋಡಿದೆ."

"ಇನ್ನೊಂದು ಸಲ ನೋಡು. ಸೈಲೆನ್ಸರ್‌ನಲ್ಲಿ ಮೂಗು ಮಾಡಿದಾರೆ."

"ನೋಡಿದ್ನಲ್ಲ. ಆ ಕಡೆ ಏನಿದೆ?"

"ಆ ಕಡೆ ನಾಯಿ ಇದೆ ತಾತ. ಕಚ್ಚುತ್ತೆ."

ಹುಟ್ಟಿದಾಗಿನಿಂದ ಅವಳು ಹೇಳಿದ ಮೊದಲ ಸುಳ್ಳು ಅದು. ನಾಲಿಗೆಗೆ ವಿಚಿತ್ರವಾಗಿತ್ತು.

"ನಾಯಿನಾ? ಇಲ್ಲಿ ಯಾವ ನಾಯೀನೂ ಇಲ್ವಲ್ಲ," ಅಂದಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ವೆಲ್ಡಿಂಗ್ ಹೆಂಗಸು.

ಇಷ್ಟು ದಿನ ಊರಿಗೆಲ್ಲ ಹಂಚಿದ್ದ ತಿದ್ದುಪಡಿ ಕೊನೆಗೂ ಅವಳಿಗೇ ತಿರುಗಿ ಬಂದಿತ್ತು. ಹೆಡ್‌ಮಾಸ್ಟರು ಇಲ್ಲಿದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು.

ತಾತ ಮೂಲೆ ತಿರುಗಿದ.

ಅಲ್ಲೊಂದು ಗೂಳಿ ನಿಂತಿತ್ತು. ಟ್ರ್ಯಾಕ್ಟರಿನ ಸರಪಳಿ ಅದಕ್ಕೆ ಬಾಲ, ದಪ್ಪ ಪೈಪುಗಳು ಕಾಲು. ಹಿಂಭಾಗದ ಎರಡು ತೊಡೆಗಳು ಸ್ಕೂಟರಿನ ಎರಡು ಪಕ್ಕದ ಉಬ್ಬು ತಗಡು. ಎದೆ ಸ್ಕೂಟರಿನ ಮುಂದಿನ ತಗಡು. ಅದರ ನಡುವೆ ಬಟ್ಟಲಿನಷ್ಟು ದೊಡ್ಡ ನೆಗ್ಗು. ನೆಗ್ಗಿನ ಪಕ್ಕದಲ್ಲಿ, ಕರೆಕ್ಷನ್ ಚಿಕ್ಕವಳಿದ್ದಾಗ ಅಂಟಿಸಿದ್ದ ನಕ್ಷತ್ರದ ಸ್ಟಿಕ್ಕರಿನ ಅರ್ಧ ಇನ್ನೂ ಉಳಿದಿತ್ತು. ಹೆಡ್‌ಲೈಟು ಹಣೆಯಾಗಿತ್ತು. ಹ್ಯಾಂಡಲ್ಲು ಎರಡು ಕೊಂಬುಗಳಾಗಿ ಅಗಲವಾಗಿ ಚಾಚಿಕೊಂಡಿತ್ತು.

ತಾತ ಗೂಳಿಗೆ ಒಂದು ಸುತ್ತು ಬಂದ. ಹತ್ತಿರ ಹೋಗಿ ನೆಗ್ಗಿನೊಳಗೆ ಕೈ ಇಟ್ಟ.

"ಗೇಟಿನ ಬಣ್ಣ," ಅಂದ.

ಗುಜರಿ ಲಾರಿಯವರು ತಂದು ಹಾಕಿದ್ದು ಎಂದು ವೆಲ್ಡಿಂಗ್ ಹೆಂಗಸು ಹಿಂದಿನಿಂದ ಹೇಳಿದಳು. ಬಣ್ಣ ಯಾಕೆ ಹಾಗೇ ಬಿಟ್ಟಿದ್ದೀರಿ ಎಂದು ನೋಡಿದವರೆಲ್ಲ ಕೇಳುತ್ತಾರಂತೆ, ಕೇಳುವವರು ಯಾರೂ ಪೇಂಟಿಗೆ ದುಡ್ಡು ಕೊಡುವುದಿಲ್ಲವಂತೆ. ಅಷ್ಟು ಹೇಳಿ, ಮುದುಕನ ಮುಖ ನೋಡಿ, ಅವಳು ಸುಮ್ಮನೆ ಒಳಗೆ ಹೋದಳು.

"ನಿಂಗೂ ಗೊತ್ತಿತ್ತಾ?" ತಾತ ಕೇಳಿದ.

ಕರೆಕ್ಷನ್ ಬಾಯಲ್ಲಿ ಈಗ ಬಿಸ್ಕತ್ತು ಇರಲಿಲ್ಲ. "ಹೂಂ," ಅಂದಳು.

"ಆ ಕಾಲೇಜು ಹುಡುಗಿ ಸುಳ್ಳು ಅಂತ ನಂಗೂ ಗೊತ್ತಿತ್ತು. ಒಂದೇ ತಿಂಗಳಲ್ಲಿ ಫಸ್ಟ್ ಇಯರಿಂದ ಫೈನಲ್ ಇಯರಿಗೆ ಹೋಗೋಕೆ ಅದೇನು ಲಿಫ್ಟಾ?" ತಾತ ನೆಗ್ಗಿನಿಂದ ಕೈ ತೆಗೆದ. "ಏನೋ ಕತೆ ಕಟ್ತಾನೆ, ಕಟ್ಲಿ ಅಂತ ಸುಮ್ಮನಿದ್ದೆ. ಆದ್ರೆ ಸ್ಕೂಟರ್ ಮಾತ್ರ ಎಲ್ಲೋ ಓಡ್ತಾ ಇದೆ ಅಂದ್ಕೊಂಡಿದ್ದೆ ಕಣೇ."

ಯಾವತ್ತಾದರೂ ನಿಜ ಹೊರಗೆ ಬಂದರೆ ಮನಸ್ಸು ಹಗುರಾಗುತ್ತದೆ ಎಂದು ಕರೆಕ್ಷನ್ ಅಂದುಕೊಂಡಿದ್ದಳು. ನಿಜ ಬಂದಿತ್ತು. ಅದರ ಹಿಂದೆಯೇ ಅಳು ಬಂತು.

"ಬರಲಿ ಅವನು," ಅಂದ ತಾತ. "ಇವತ್ತಿದೆ ಅವನಿಗೆ. ಮಾತು ಕೊಟ್ಟು ಗುಜರಿಗೆ ಹಾಕಿದ್ದಾನೆ."

"ಅಪ್ಪ ಹಾಕ್ಲಿಲ್ಲ ತಾತ, ಮೆಕ್ಯಾನಿಕ್..."

ತಾತ ಕೇಳಿಸಿಕೊಳ್ಳಲಿಲ್ಲ. ದಾಪುಗಾಲು ಹಾಕುತ್ತಾ ಕಾರಿನ ಕಡೆ ಹೊರಟ. ಮಗ ಬರುವ ದಾರಿಯನ್ನೇ ನೋಡುತ್ತಾ ಅಲ್ಲಿ ನಿಂತು, ಬಂದ ಕೂಡಲೇ ಹಿಡಿದು ಬಯ್ಯುವುದು ಅವನ ಯೋಚನೆಯಾಗಿತ್ತು. ಹೀಗೆ ದಾರಿ ನೋಡಲು ಕಾರಿನ ಹಿಂಭಾಗವೇ ಸರಿಯಾದ ಜಾಗ. ಕಾರಿನ ಹಿಂದೆ ಡಿಕ್ಕಿ ಬಾಯಿ ತೆರೆದುಕೊಂಡಿತ್ತು.

ಬ್ಯಾಗುಗಳ ಆಚೆ, ಮೂಲೆಯಲ್ಲಿ, ಹಳೆಯ ಟವೆಲಿನ ಒಂದು ಗಂಟು. ಗಂಟಿನ ಬಾಯಿ ಸಡಿಲವಾಗಿ ಎಣ್ಣೆ ಡಬ್ಬಿಯ ಮುಚ್ಚಳ ಕಾಣುತ್ತಿತ್ತು. ಅದು ಯಾವ ಡಬ್ಬಿ ಎಂದು ತಾತನಿಗೆ ಗೊತ್ತಿರದೇ ಇರುತ್ತದೆಯೇ, ಆರಿಸಿ ತಂದವನೇ ಅವನು. ತಾತ ಗಂಟನ್ನು ಬಿಚ್ಚಿದ.

ಸೀಟು ಕವರು ಪ್ಲಾಸ್ಟಿಕ್ಕಿನೊಳಗೆ ಹಾಗೇ ಇತ್ತು. ಪೆನ್ನು ಅದರ ಪೆಟ್ಟಿಗೆಯಲ್ಲೇ ಇತ್ತು. ಕನ್ನಡಿ ಎಲ್ಲೂ ಕಾಣಲಿಲ್ಲ.

"ಕನ್ನಡಿ ನನ್ನ ಹಳೇ ಶಾಲಿನೊಳಗಿದೆ ಮಾವ," ಅಂತ ಮುಂದಿನ ಸೀಟಿನಿಂದ ಅಮ್ಮನ ದನಿ ಬಂತು. ಅಮ್ಮನ ಕಣ್ಣು ಮುಚ್ಚಿಯೇ ಇತ್ತು. "ಹಂಪ್ ಬಂದಾಗ ಒಡೆದುಹೋಗುತ್ತೆ ಅಂತ ಸುತ್ತಿಟ್ಟಿದ್ದಾರೆ. ಆ ಗಂಟಿಗೋಸ್ಕರ ಹಂಪ್ ಬಂದಲ್ಲೆಲ್ಲ ಕಾರನ್ನ ಆಮೆ ಥರ ಓಡಿಸ್ತಾರೆ ನಿಮ್ಮ ಮಗ."

ಅಷ್ಟು ಹೇಳಿ ಅಮ್ಮ ಮತ್ತೆ ಗಾಢ ನಿದ್ದೆಗೆ ಹೋದಳು.

ತಾತ ಶಾಲನ್ನು ಬಿಡಿಸಿ ಕನ್ನಡಿ ತೆಗೆದ. ಒಂದು ಗೀರೂ ಬಿದ್ದಿರಲಿಲ್ಲ. ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ನಿಂತ. ಅವನ ಕೆಂಪು ಮುಖ ಮೆಲ್ಲಗೆ ಮಾಮೂಲು ಬಣ್ಣಕ್ಕೆ ಬಂತು.

"ಎಸೆದುಬಿಡಬಹುದಿತ್ತು," ಅಂದ. "ಎಸೆಯೋಕೆ ಮನಸ್ಸು ಬಂದಿಲ್ಲ ಪೆದ್ದಂಗೆ."

ಕರೆಕ್ಷನ್ ಮೂಗು ಒರೆಸಿಕೊಂಡಳು. ಅಪ್ಪ ಪೆದ್ದ ಅಲ್ಲ ಎಂದು ತಿದ್ದಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

"ಆ ಎಣ್ಣೆ ಡಬ್ಬಿ ತಗೋ," ಅಂದ ತಾತ. "ಬಾ."

ಗೂಳಿಯ ಬಲಗೊಂಬಿನ ಬುಡದಲ್ಲಿ ಕನ್ನಡಿ ಕೂರಿಸುವ ತೂತು ಇನ್ನೂ ಇತ್ತು, ತುಕ್ಕು ಹಿಡಿದಿತ್ತು ಅಷ್ಟೆ. ವೆಲ್ಡಿಂಗ್ ಹೆಂಗಸು ಏನೂ ಕೇಳದೆ ಒಂದು ತಂತಿ ಬ್ರಷ್ಷು ಮತ್ತು ಸ್ಪ್ಯಾನರು ತಂದಳು. ತಾತ ತುಕ್ಕು ಕೆರೆದು ಎಣ್ಣೆ ಬಿಟ್ಟ. ಅವಳು ಕನ್ನಡಿಯನ್ನು ತಿರುಪಿ ಬಿಗಿ ಮಾಡಿದಳು.

"ಎಂಜಿನ್ ಹೋಗಿತ್ತು, ಚಕ್ರ ಹೋಗಿತ್ತು," ಅಂದಳು. "ಹ್ಯಾಂಡಲ್ ಮಾತ್ರ ಬೆಣ್ಣೆ ಥರ ತಿರುಗ್ತಿತ್ತು ಯಜಮಾನ್ರೇ. ಯಾರೋ ಚೆನ್ನಾಗಿ ನೋಡ್ಕೊಂಡಿದ್ರು. ಅದಕ್ಕೇ ಅದನ್ನ ಬೆಸುಗೆ ಹಾಕದೆ ಹಾಗೇ ಬಿಟ್ಟೆ. ಹಿಡಿದು ನೋಡಿ."

ತಾತ ಎರಡು ಕೊಂಬುಗಳನ್ನು ಹಿಡಿದು ತಿರುಗಿಸಿದ. ಗೂಳಿ ತಲೆಯನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ನೇರವಾಗಿ ನೋಡಿತು.

"ಕೂತ್ಕೋಬಹುದಾ?" ತಾತ ಕೇಳಿದ ರೀತಿಯಲ್ಲಿ, ಶಾಲೆಯಲ್ಲಿ ನೀರು ಕುಡಿಯಲು ಹೋಗಬಹುದೇ ಎಂದು ಕೇಳುವ ಹುಡುಗರ ಸಂಕೋಚವಿತ್ತು.

"ಕೂತ್ಕೊಳ್ಳಿ. ಕಾರು ನಿಲ್ಲಿಸಿ ಮಕ್ಕಳನ್ನ ಕೂರಿಸಿ ಫೋಟೋ ತೆಗೆಯೋರು ನನ್ನ ಕೇಳೋದೇ ಇಲ್ಲ. ನೀವಾದ್ರೂ ಕೇಳಿದ್ರಲ್ಲ."

ತಾತ ಪಕ್ಕದಲ್ಲಿದ್ದ ಒಂದು ಡ್ರಮ್ಮಿನ ಮೇಲೆ ಕಾಲಿಟ್ಟು ಗೂಳಿಯ ಬೆನ್ನೇರಿದ. ಕರೆಕ್ಷನ್ ಅವನ ಹಿಂದೆ ಕೂತಳು. ನರ್ಸರಿಗೆ ಹೋಗುವಾಗ ಹಿಡಿದುಕೊಳ್ಳುತ್ತಿದ್ದ ಹಾಗೆ ಅವನ ಸೊಂಟವನ್ನು ಹಿಡಿದುಕೊಂಡಳು. ತಾತ ಎಡಗೈಯ ಹಿಡಿಯನ್ನು ತಿರುಪಿದ. ಗೇರು ಇಲ್ಲದಿದ್ದರೂ ಅದು ಕಟಕ್ ಎಂದಿತು.

"ಎಲ್ಲಿಗೆ ತಾತ?"

"ಸುಮ್ನೆ. ಒಂದು ರೌಂಡ್."

ಎದುರಿಗೆ ಹೊಲ, ಅದರಾಚೆ ಮೋಡ. ಗೂಳಿ ಇದ್ದಲ್ಲೇ ಇತ್ತು. ತಾತ ಮಾತ್ರ ಎರಡು ಸಲ ನಿಧಾನ ಮಾಡಿದ, ಒಂದು ಸಲ ಬಲಕ್ಕೆ ತಿರುಗಿದ, ಎದುರು ಬಂದ ಯಾರಿಗೋ ಬಾಯಲ್ಲೇ ಹಾರ್ನ್ ಹೊಡೆದ. ಇದೆಲ್ಲ ನಿಜ ಅಲ್ಲ ಎಂದು ಕರೆಕ್ಷನ್‌ಗೆ ಚೆನ್ನಾಗಿ ಗೊತ್ತಿತ್ತು. ತಿರುವು ಬಂದಾಗ ತಾನೂ ಅವನ ಜೊತೆ ವಾಲಿದಳು.

ತಟ್ಟನೆ ತಾತ ಕನ್ನಡಿಯತ್ತ ಬಗ್ಗಿದ. ಹೊಸ ಕನ್ನಡಿಯಲ್ಲಿ ಹಿಂದಿನ ರಸ್ತೆಯ ಒಂದು ತುಂಡು ಕಾಣುತ್ತಿತ್ತು. ಅದರಲ್ಲಿ ಬೆರಳಷ್ಟು ಎತ್ತರದ ಅಪ್ಪ, ನೀರಿನ ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ, ಕೆಳಗೆ ನೋಡಿಕೊಂಡು, ಏದುಸಿರು ಬಿಡುತ್ತಾ ಬರುತ್ತಿದ್ದ.

"ನೋಡು ಅವನ," ಅಂದ ತಾತ. "ಅರ್ಧ ನೀರನ್ನ ಪ್ಯಾಂಟಿಗೇ ಕುಡಿಸಿದ್ದಾನೆ." ಸ್ವಲ್ಪ ಹೊತ್ತು ಕನ್ನಡಿಯನ್ನೇ ನೋಡಿದ. ಆಮೇಲೆ ಅವಸರದಲ್ಲಿ, "ಇಳಿ ಇಳಿ, ಬೇಗ," ಅಂದ.

ಅಪ್ಪ ಕಾರಿನ ಹತ್ತಿರ ಬರುವಷ್ಟರಲ್ಲಿ ಟವೆಲಿನ ಗಂಟು ಮೂಲೆ ಸೇರಿ ಡಿಕ್ಕಿ ಮುಚ್ಚಿತ್ತು. ತಾತ ಮತ್ತು ಮೊಮ್ಮಗಳು ಜಿರಾಫೆಯ ಕೆಳಗೆ ನಿಂತು ಅದರ ಮೂಗಿನ ಬಗ್ಗೆ ತುಂಬಾ ಗಂಭೀರವಾಗಿ ಮಾತಾಡುತ್ತಿದ್ದರು.

ರೇಡಿಯೇಟರಿಗೆ ನೀರು ಬಿತ್ತು. ಕಾರು ಹೊರಟಿತು. ಶೆಡ್ಡು ದಾಟಿದ ಕೂಡಲೇ ಗೂಳಿ ಪೂರ್ತಿಯಾಗಿ ಕಾಣಿಸಿತು. ಕೊಂಬಿನ ಮೇಲೆ ಹೊಸ ಕನ್ನಡಿ ಫಳ್ ಎಂದಿತು. ಅಪ್ಪನ ಕತ್ತು ಅತ್ತ ತಿರುಗಿತು, ಕಾರೂ ಅದರ ಜೊತೆ ಸ್ವಲ್ಪ ತಿರುಗಿತು. ಅಪ್ಪ ಗಾಬರಿಯಿಂದ ಒಳಗಿನ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದ.

ತಾತ ಇನ್ನೊಂದು ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಅಲ್ಲಿ ನೋಡಲು ಏನೂ ಇರಲಿಲ್ಲ. ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಅಪ್ಪಾ..." ಅಂದ ಅಪ್ಪ.

"ಏನು?" ಅಂದ ತಾತ. "ಹಾಂ, ಆ ಮೆಕ್ಯಾನಿಕ್ ಹತ್ರ ಹೋಗೋದು ಬೇಡ ಬಿಡು. ಪಾಪ ಆ ಹುಡುಗಿಗೆ ಫೈನಲ್ ಇಯರ್ ಅಂತೀಯ, ಓದೋಕೆ ತೊಂದರೆ. ಗಾಡಿ ಹೇಗಿದೆ ಅಂತ ಗೊತ್ತಾದ್ರೆ ಸಾಕು."

ಅಪ್ಪ ಬಾಯಿ ತೆರೆದ. ಇಷ್ಟು ದಿನ ಸಲೀಸಾಗಿ ಬರುತ್ತಿದ್ದ ಸುಳ್ಳು ಇವತ್ತು ಬರಲಿಲ್ಲ.

"ಚೆನ್ನಾಗಿದೆ ತಾತ," ಅಂದಳು ಕರೆಕ್ಷನ್. "ಹ್ಯಾಂಡಲ್ ಬೆಣ್ಣೆ ಥರ ತಿರುಗುತ್ತೆ. ಹೊಸ ಕನ್ನಡಿ ಹಾಕಿದಾರೆ."

ಅವಳು ಹೇಳಿದ್ದರಲ್ಲಿ ತಿದ್ದಬೇಕಾದ್ದು ಏನೂ ಇರಲಿಲ್ಲ. ತಾತ ಅವಳ ಅಂಗೈಯನ್ನು ಒಮ್ಮೆ ಒತ್ತಿ ಬಿಟ್ಟ. ಅಮ್ಮ ನಿದ್ದೆಯಲ್ಲೇ ಬಾಳೆಹಣ್ಣು ತಿಂದು ಮುಗಿಸಿದಳು.

ಅತ್ತೆಯ ಮನೆ ತಲುಪಿದಾಗ ಸಂಜೆಯಾಗಿತ್ತು. ಯಾಕಿಷ್ಟು ತಡ ಎಂದು ಅತ್ತೆ ಬಾಗಿಲಲ್ಲೇ ಶುರು ಮಾಡಿದಳು. ತಾತ ಒಳಗೆ ಹೋಗಿ ಕುರ್ಚಿಯಲ್ಲಿ ಕೂತ. ಅಪ್ಪ ಸಾಮಾನು ಇಳಿಸಲೆಂದು ಡಿಕ್ಕಿ ತೆರೆದ. ಬ್ಯಾಗುಗಳನ್ನು ತೆಗೆದು ಕೆಳಗಿಟ್ಟ. ಆಮೇಲೆ ಸುಮ್ಮನೆ ನಿಂತುಬಿಟ್ಟ.

ಕರೆಕ್ಷನ್ ಪಕ್ಕದಲ್ಲಿ ಹೋಗಿ ನಿಂತಳು. ಟವೆಲಿನ ಗಂಟನ್ನು ಯಾರೋ ಮತ್ತೆ ಕಟ್ಟಿದ್ದರು, ಅಪ್ಪ ಕಟ್ಟುವುದಕ್ಕಿಂತ ತುಂಬಾ ಚೆನ್ನಾಗಿ. ಅದರ ಪಕ್ಕದಲ್ಲಿ ಅಮ್ಮನ ಹಳೇ ಶಾಲು ಅಚ್ಚುಕಟ್ಟಾಗಿ ಮಡಚಿಕೊಂಡು ಕೂತಿತ್ತು. ಅದರೊಳಗೆ ಏನೂ ಇರಲಿಲ್ಲ. ಅಪ್ಪ ಶಾಲಿನ ಮೇಲೆ ಕೈ ಇಟ್ಟ. ಅವನ ಕಣ್ಣಲ್ಲಿ ನೀರು ಬಂದಿತ್ತು.

ಅತ್ತೆಯ ಬೈಗುಳದ ನಡುವೆ ಒಳಗಿನಿಂದ ತಾತನ ದನಿ ಬಂತು.

"ವಾಪಸ್ ಹೋಗುವಾಗ್ಲೂ ಅದೇ ಶಾರ್ಟ್‌ಕಟ್‌ನಲ್ಲೇ ಹೋಗೋಣ ಕಣೋ."

"ಆಗ್ಲಿ ಅಪ್ಪಾ," ಅಂದ ಅಪ್ಪ.

ಅದು ಸುತ್ತುದಾರಿ, ಹದಿನೆಂಟು ಕಿಲೋಮೀಟರ್ ಜಾಸ್ತಿ. ಕರೆಕ್ಷನ್ ತನ್ನ ಬ್ಯಾಗು ಎತ್ತಿಕೊಂಡು ಸುಮ್ಮನೆ ಒಳಗೆ ಹೋದಳು.